ಆರ್ಥಿಕತೆ ನಡೆಸೋದರಲ್ಲಿ ಯಾರು ಮೇಲು, ಯುಪಿಎನಾ ಎನ್‌ಡಿಎನಾ?

ಮನಮೋಹನ್ ಸಿಂಗ್ ಕಾಲದ ಯುಪಿಎ, ಮೋದಿ ಕಾಲದ ಎನ್‌ಡಿಎ, ಇಬ್ಬರಲ್ಲಿ ದೇಶದ ಆರ್ಥಿಕತೆಯನ್ನು ಚೆನ್ನಾಗಿ ನೋಡಿಕೊಂಡಿದ್ದು ಯಾರು ಅಂತ ಕೇಳಿದ್ದೀರಿ. ನಾನು ಸರ್ಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು, ಸರ್ವೀಸೆಲ್ಲ ಹೆಚ್ಚುಕಡಿಮೆ ಮಲೆನಾಡಿನ ಸಣ್ಣ ಊರುಗಳಲ್ಲೇ ಕಳೆಯಿತು. ನನ್ನ ಉತ್ತರ ಇಷ್ಟು. ಬೆಲೆ ಹತೋಟಿ, ಬ್ಯಾಂಕುಗಳ ರಿಪೇರಿ ಇವೆರಡರಲ್ಲಿ ಎನ್‌ಡಿಎ ಮೇಲು. ಹಳ್ಳಿಯ ಕೂಲಿಯವರ ಕೈಗೆ ದುಡ್ಡು ಸೇರಿಸಿದ್ದರಲ್ಲಿ ಯುಪಿಎ ಮೇಲು. ಉದ್ಯೋಗದಲ್ಲಿ ಇಬ್ಬರೂ ಫೇಲು.

ಜಿಡಿಪಿ ಸರಾಸರಿ ತೋರಿಸಿ ವಾದ ಮುಗಿಸುವವರನ್ನು ನಂಬಬೇಡಿ. 2010-11ರ ಬೆಳವಣಿಗೆ ಮೊದಲು ಶೇ 10.3 ಅಂತಿತ್ತು. 2018ರಲ್ಲಿ ಹಳೇ ವರ್ಷಗಳನ್ನು ಹೊಸ ಲೆಕ್ಕಕ್ಕೆ ಹೊಂದಿಸಿದಾಗ ಅದೇ ವರ್ಷದ್ದು 8.5ಕ್ಕೆ ಇಳಿಯಿತು. ಜೊತೆಗೆ ಒಬ್ಬರು ಮಾಡಿಟ್ಟಿದ್ದು ಇನ್ನೊಬ್ಬರ ಕಾಲದಲ್ಲಿ ಫಲ ಕೊಡುತ್ತದೆ. ಸುವರ್ಣ ಚತುಷ್ಪಥ ಹೆದ್ದಾರಿ ಶುರುವಾಗಿದ್ದು ವಾಜಪೇಯಿ ಕಾಲದಲ್ಲಿ, ಅದರ ಅನುಕೂಲ ಜಾಸ್ತಿ ಸಿಕ್ಕಿದ್ದು ಯುಪಿಎಗೆ. ಆಧಾರ್ ಶುರುವಾಗಿದ್ದು 2009ರಲ್ಲಿ, ಅದನ್ನು ಎಲ್ಲ ಕಡೆ ಬಳಸಿಕೊಂಡಿದ್ದು ಎನ್‌ಡಿಎ. ಜಿಎಸ್‌ಟಿ ಮಸೂದೆಯನ್ನು ಯುಪಿಎ 2011ರಲ್ಲಿ ಸಂಸತ್ತಿಗೆ ತಂದಾಗ ಗುಜರಾತ್, ಮಧ್ಯಪ್ರದೇಶದ ಬಿಜೆಪಿ ಸರ್ಕಾರಗಳು ಬೇಡ ಅಂದವು, 2017ರ ಜುಲೈ 1ಕ್ಕೆ ಅದನ್ನು ಜಾರಿ ಮಾಡಿದ್ದು ಬಿಜೆಪಿಯೇ. ಹಾಗಾಗಿ ಅದೃಷ್ಟದಿಂದ ಬಂದಿದ್ದು, ಹಿಂದಿನವರಿಂದ ಬಂದಿದ್ದು ಎರಡನ್ನೂ ಪಕ್ಕಕ್ಕಿಟ್ಟು, ಅವರವರೇ ತೆಗೆದುಕೊಂಡ ನಿರ್ಧಾರಗಳನ್ನು ನೋಡೋಣ.

ಯುಪಿಎ ಮೊದಲ ನಾಲ್ಕು ವರ್ಷ ಇಡೀ ಪ್ರಪಂಚವೇ ಚೆನ್ನಾಗಿ ಬೆಳೆಯುತ್ತಿತ್ತು. ಆದರೆ ಉದ್ಯೋಗ ಖಾತ್ರಿ ಅವರದೇ ನಿರ್ಧಾರ. ಅದು ಬಂದ ಮೇಲೆ ನಮ್ಮ ಕಡೆ ತೋಟದ ಮಾಲೀಕರು ಆಳು ಸಿಗುತ್ತಿಲ್ಲ, ಕೂಲಿ ಏರಿತು ಅಂತ ಬೇಜಾರು ಮಾಡಿಕೊಂಡರು. ಕೂಲಿ ಏರಿದ್ದು ಕೂಲಿಯವರಿಗೆ ಒಳ್ಳೆಯದೇ ಅಲ್ವಾ? 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದಾಗ ಸರ್ಕಾರ ಕೈಬಿಚ್ಚಿ ಖರ್ಚು ಮಾಡಿತು, ಅದೂ ಸರಿ. ತಪ್ಪಾಗಿದ್ದು ಆಮೇಲೆ, ಬಿಚ್ಚಿದ ಕೈಯನ್ನು ಸಕಾಲದಲ್ಲಿ ಬಿಗಿ ಮಾಡದೇ ಇದ್ದಿದ್ದು. ವಿತ್ತೀಯ ಕೊರತೆ, ಅಂದರೆ ಸರ್ಕಾರ ಸಾಲ ತಂದು ತುಂಬಬೇಕಾದ ಖರ್ಚು, ಒಂದೇ ವರ್ಷದಲ್ಲಿ ಜಿಡಿಪಿಯ ಶೇ 2.5ರಿಂದ 6ಕ್ಕೆ ಹಾರಿತು, ವರ್ಷಗಟ್ಟಲೆ ಬೆಲೆ ಏರಿಕೆ ಶೇ 10ರ ಆಸುಪಾಸಿನಲ್ಲೇ ಇತ್ತು, 2013ರ ಆಗಸ್ಟ್‌ನಲ್ಲಿ ಡಾಲರಿಗೆ 68 ರೂಪಾಯಿ ಆಯಿತು. ಅದೇ ಕಾಲದಲ್ಲಿ ದೊಡ್ಡ ದೊಡ್ಡ ವಿದ್ಯುತ್, ಉಕ್ಕು, ರಸ್ತೆ ಕಂಪನಿಗಳಿಗೆ, ಜಮೀನು ಸಿಕ್ಕಿದೆಯಾ, ಕಲ್ಲಿದ್ದಲು ಬರುತ್ತದಾ ಅಂತ ನೋಡದೆ ಸಾಲ ಕೊಡಲಾಯಿತು.

2008ರ ರೈತರ ಸಾಲ ಮನ್ನಾ ನನ್ನ ಕಣ್ಣೆದುರಿಗೇ ನಡೆದಿದ್ದು. 5 ಎಕರೆ ಒಳಗಿನವರ ಬಾಕಿ ಪೂರ್ತಿ ಮನ್ನಾ. ಹೆಂಡತಿಯ ಸರ ಅಡವಿಟ್ಟು ಗಡುವಿಗೆ ಮುಂಚೆಯೇ ಸಾಲ ತೀರಿಸಿದ್ದ ಒಬ್ಬರು ನನ್ನ ಟೇಬಲ್ ಮುಂದೆ ಕೂತು, "ಕಟ್ಟಿದ್ದೇ ತಪ್ಪಾಯ್ತಾ ಮೇಡಂ?" ಅಂದರು. ನಾನು ಏನು ಉತ್ತರ ಕೊಡಲಿ? ಮುಂದೆ ಕಂತು ಕಟ್ಟುವುದನ್ನು ತಡ ಮಾಡಿ ಇನ್ನೊಂದು ಮನ್ನಾಕ್ಕೆ ಕಾಯುವವರು ಹೆಚ್ಚಾದರು. ಈ ಚಾಳಿಯನ್ನು ಆಮೇಲೆ ಎಲ್ಲ ಪಕ್ಷಗಳ ರಾಜ್ಯ ಸರ್ಕಾರಗಳೂ ಬೆಳೆಸಿದವು.

ಎನ್‌ಡಿಎಗೆ ಬಂದ ಅದೃಷ್ಟ ಕಚ್ಚಾ ತೈಲ. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದು 2016ರ ಜನವರಿಗೆ 30ಕ್ಕಿಂತ ಕೆಳಗೆ ಬಂತು. ಬೆಲೆ ಏರಿಕೆ ತಗ್ಗಿದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಹಣದುಬ್ಬರಕ್ಕೆ ಗುರಿ ಇಡಬೇಕು ಅಂತ ಕಾನೂನಿನಲ್ಲೇ ಬರೆದು, ಶೇ 4ರ ಗುರಿ ಇಟ್ಟಿದ್ದು ಅವರೇ, ಅದನ್ನು ಒಪ್ಪಲೇಬೇಕು. ಇಳಿದ ತೈಲದ ಲಾಭ ಮಾತ್ರ ಜನರಿಗೆ ಪೂರ್ತಿ ಸಿಗಲಿಲ್ಲ. ಲೀಟರ್ ಪೆಟ್ರೋಲ್ ಮೇಲೆ 9 ರೂಪಾಯಿ ಚಿಲ್ಲರೆ ಇದ್ದ ಕೇಂದ್ರದ ಸುಂಕ 2020ರ ಮೇನಲ್ಲಿ ಸುಮಾರು 33 ರೂಪಾಯಿ ಆಯಿತು.

ಬ್ಯಾಂಕಿನ ವಿಷಯದಲ್ಲಿ ಅವರ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಚ್ಚಿಟ್ಟಿದ್ದ ಕೆಟ್ಟ ಸಾಲಗಳನ್ನು 2015ರಲ್ಲಿ ರಿಸರ್ವ್ ಬ್ಯಾಂಕು ಹೊರಗೆ ತೆಗೆಸಿತು, 2016ರಲ್ಲಿ ಸಾಲ ತೀರಿಸಲಾಗದ ಕಂಪನಿಗಳ ವಿಷಯ ಇತ್ಯರ್ಥ ಮಾಡುವ ದಿವಾಳಿ ಸಂಹಿತೆ ಬಂತು, ಬ್ಯಾಂಕುಗಳಿಗೆ ಹೊಸ ಬಂಡವಾಳ ಬಂತು. 2018ರ ಮಾರ್ಚ್‌ನಲ್ಲಿ ಶೇ 11 ದಾಟಿದ್ದ ಎನ್‌ಪಿಎ (ಒಟ್ಟು ಸಾಲದಲ್ಲಿ ಕೆಟ್ಟ ಸಾಲದ ಪಾಲು) 2024ರ ಮಾರ್ಚ್‌ಗೆ 3ಕ್ಕಿಂತ ಕೆಳಗಿಳಿಯಿತು. ಆ ಇಳಿಕೆಯಲ್ಲಿ ವಸೂಲಾಗದೆ ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ ಸಾಲವೂ ಸೇರಿದೆ, ಆದರೂ ರೋಗ ಇದೆ ಅಂತ ಒಪ್ಪಿಕೊಂಡು ಚಿಕಿತ್ಸೆ ಮಾಡಿದ್ದು ಈ ಸರ್ಕಾರ.

ನೋಟ್ ಬ್ಯಾನನ್ನು ಮಾತ್ರ ನಾನು ಕ್ಷಮಿಸುವುದಿಲ್ಲ. 2016ರ ನವೆಂಬರ್‌ನಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಅಡಿಕೆ ಕೊನೆ (ಗೊನೆ) ತೆಗೆಯುವವರಿಗೆ, ಸುಲಿಯುವ ಹೆಂಗಸರಿಗೆ ವಾರಕ್ಕೊಮ್ಮೆ ನಗದೇ ಬಟವಾಡೆ ಆಗಬೇಕು. ವಾರಕ್ಕೆ 24,000ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ, ಕ್ಯಾಷಿಯರ್ ಹತ್ತಿರ ಇದ್ದಿದ್ದು ಬರೀ 2,000ದ ನೋಟು. ತೋಟದ ಮಾಲೀಕರು ನಾಲ್ಕು ಜನಕ್ಕೆ ಸೇರಿಸಿ ಒಂದು ನೋಟು ಕೊಟ್ಟು ಕಳಿಸುತ್ತಿದ್ದರು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ, ಅಕ್ಕಿ ಉದ್ರಿಗೆ ತರಬೇಕು. ಕೆಲವು ತೋಟಗಳಲ್ಲಿ ಕೆಲಸವೇ ನಿಂತಿತು. ಕೊನೆಗೆ ರದ್ದಾದ ನೋಟುಗಳಲ್ಲಿ ಶೇ 99.3ರಷ್ಟು ವಾಪಸ್ ಬಂತು ಅಂತ ರಿಸರ್ವ್ ಬ್ಯಾಂಕೇ ಹೇಳಿತು. ಇದಕ್ಕೆ ತೈಲ ಬೆಲೆಯನ್ನೋ ಹಿಂದಿನ ಸರ್ಕಾರವನ್ನೋ ಹೊಣೆ ಮಾಡಲು ಬರುವುದಿಲ್ಲ.

ಇನ್ನು ಉದ್ಯೋಗ. ಕಾರ್ಖಾನೆಗಳ ಪಾಲನ್ನು ಜಿಡಿಪಿಯ ಶೇ 25ಕ್ಕೆ ಏರಿಸುತ್ತೇವೆ ಅಂತ 2011ರಲ್ಲಿ ಯುಪಿಎ ನೀತಿ ಮಾಡಿತು. ಅದೇ 25ನ್ನು 2014ರಲ್ಲಿ ಮೇಕ್ ಇನ್ ಇಂಡಿಯಾ ಮತ್ತೆ ಹೇಳಿತು. ಇಬ್ಬರೂ ಅದರ ಹತ್ತಿರಕ್ಕೂ ಹೋಗಲಿಲ್ಲ. ಬಟ್ಟೆ ಹೊಲಿದು ರಫ್ತು ಮಾಡುವುದರಲ್ಲಿ ಬಾಂಗ್ಲಾದೇಶ, ವಿಯೆಟ್ನಾಂ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋದವು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಹಳ್ಳಿಯ ಹೆಣ್ಣುಮಗಳಿಗೆ ತಿಂಗಳ ಸಂಬಳ, ಪಿಎಫ್ ಸಿಗುವುದು ಇಂಥ ಕೆಲಸದಲ್ಲೇ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಪಿಎಫ್ ದುಡ್ಡು ತೆಗೆಯುವ ನಿಯಮ ಬಿಗಿ ಮಾಡಲು ಹೋದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗಿಳಿದರು, ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅಂಥ ಕೆಲಸ ಇನ್ನೂ ಹತ್ತು ಪಟ್ಟು ಬೇಕಿತ್ತು. 20 ವರ್ಷ ಸಿಕ್ಕಿದರೂ ಎರಡೂ ಪಕ್ಷಗಳು ಅದನ್ನು ಮಾಡಲಿಲ್ಲ.