ಎತ್ತರದ ಸೆಂಟರ್ ಬಂದರೂ ರಿಂಗ್ ಕೆಳಗೆ ಅಂಕ ಸೋರುತ್ತಿದ್ದರೆ

ನಿಮ್ಮ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮೂರನೆಯ ಸೆಂಟರ್‌ನನ್ನು, ಅಂದರೆ ರಿಂಗ್ ಬಳಿ ನಿಂತು ಕಾಯುವ ಆಟಗಾರನನ್ನು, ಆರಿಸುವುದು ಹೇಗೆ ಎಂದು ಕೇಳಿದ್ದೀರಿ. ಇಬ್ಬರು ಎತ್ತರದ ಸೆಂಟರ್‌ಗಳನ್ನು ತಂದ ಮೇಲೂ ರಿಂಗ್ ಕೆಳಗೆ ಸುಲಭ ಅಂಕ ಹೋಗುತ್ತಿದೆ ಎಂದರೆ, ನೀವು ಎತ್ತರ ನೋಡಿದ್ದೀರಿ, ಕಾಲಿನ ಚುರುಕು ನೋಡಿಲ್ಲ ಎಂದು ನನ್ನ ಅನುಮಾನ.

ಮೂರನೆಯವನನ್ನು ಹುಡುಕುವ ಮೊದಲು ಕಳೆದ ಋತುವಿನ ನಾಲ್ಕೈದು ಪಂದ್ಯಗಳ ವಿಡಿಯೊ ನೋಡಿ, ಅಂಕ ಬಿಟ್ಟಾಗಲೆಲ್ಲ ಕಾರಣ ಬರೆದುಕೊಳ್ಳಿ. ರಿಂಗ್‌ನಿಂದ ದೂರದಲ್ಲಿ ಚೆಂಡು ಹಿಡಿದವನನ್ನು ತಡೆಯುವ ಗಾರ್ಡ್ ಮೊದಲ ಹೆಜ್ಜೆಯಲ್ಲೇ ಸೋತನೇ? ಸ್ಕ್ರೀನ್ ಬಿದ್ದಾಗ, ಅಂದರೆ ಎದುರಾಳಿ ಅಡ್ಡ ನಿಂತು ನಿಮ್ಮ ರಕ್ಷಕನ ದಾರಿ ಕಟ್ಟಿದಾಗ, ಸೆಂಟರ್ ತಡವಾದನೇ? ಹೆಚ್ಚಿನವು ಮೊದಲನೆಯವಾದರೆ ಈ ಹುಡುಕಾಟವನ್ನೇ ಬಿಡಿ. ನಿಮಗೆ ಬೇಕಿರುವುದು ಗಾರ್ಡ್.

ಎರಡನೆಯದಾದರೆ, ಆಯ್ಕೆಗೆ ಬಂದವರನ್ನು ಇಬ್ಬರೆದುರು ಇಬ್ಬರಂತೆ ಪಿಕ್ ಅಂಡ್ ರೋಲ್‌ನಲ್ಲಿ (ಸ್ಕ್ರೀನ್ ಹಾಕಿದವನೇ ತಿರುಗಿ ರಿಂಗ್‌ನತ್ತ ಓಡುವ ಆಟ) ಹತ್ತು ಹದಿನೈದು ಬಾರಿ ಆಡಿಸಿ. ಬ್ಲಾಕ್‌ಗಳನ್ನು (ಎಸೆತವನ್ನು ಗಾಳಿಯಲ್ಲೇ ತಡೆದದ್ದನ್ನು) ಎಣಿಸಬೇಡಿ, ಅವು ಕಣ್ಣು ಕಟ್ಟುತ್ತವೆ. ಹಿಂದೆ ಸರಿಯುತ್ತಲೇ ಚೆಂಡನ್ನೂ ರಿಂಗ್‌ನತ್ತ ಓಡುವವನನ್ನೂ ತಡೆಯುತ್ತಾನೆಯೇ, ಜತೆಯವರಿಗೆ ಕೂಗಿ ಹೇಳುತ್ತಾನೆಯೇ, ದಣಿದ ಮೇಲೂ ಫೌಲ್ ಮಾಡದೆ ಕೈಯನ್ನು ನೇರವಾಗಿ ಎತ್ತುತ್ತಾನೆಯೇ ನೋಡಿ. 2017ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ವರ್ಷದ ರಕ್ಷಣಾ ಆಟಗಾರನಾದ ಡ್ರೇಮಂಡ್ ಗ್ರೀನ್ ಎರಡು ಮೀಟರ್ ಎತ್ತರವೂ ಇಲ್ಲ!

ನಿಮ್ಮ ಲೀಗ್‌ನ ನಿಯಮ ಯಾವುದೆಂದು ನೀವು ಬರೆದಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮವಾದರೆ, ರಿಂಗ್ ಕೆಳಗಿನ ಗುರುತು ಹಾಕಿದ ಜಾಗದಲ್ಲಿ (ಪೇಂಟ್) ನಿಲ್ಲಲು ರಕ್ಷಕನಿಗೆ ಮೂರು ಸೆಕೆಂಡಿನ ಮಿತಿ ಇಲ್ಲ. ಪೇಂಟ್‌ನಲ್ಲೇ ನಿಲ್ಲುವ ನಿಧಾನಿಯೂ ನಡೆದಾನು. ಎನ್‌ಬಿಎ ಮಾದರಿಯಾದರೆ ಆ ಮಿತಿ ಇದೆ, ಅಂಥವನನ್ನು ಪಟ್ಟಿಯಿಂದ ತೆಗೆಯಿರಿ.