ಕುಡಿಯದವರಿಗೆ ಬಾರಿನಲ್ಲಿ ಏನು ಕೆಲಸ?

ಸ್ಯಾನ್ ಫ್ರಾನ್ಸಿಸ್ಕೋ ನಗರದ ಹಳೆಯ ಬಾರು, ರೆಸ್ಟೋರೆಂಟು ಮತ್ತು ಪೆಸಿಫಿಕ್ ದ್ವೀಪಗಳ ಗುಡಿಸಿಲಿನಂತೆ ಸಿಂಗರಿಸಿದ ‘ಟಿಕಿ’ ಬಾರುಗಳನ್ನು ಒಂದು ವಾರಾಂತ್ಯದಲ್ಲಿ ಸುತ್ತಿ ಬರುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಪ್ರವಾಸ ಲೇಖನವನ್ನು ಓದಿ, ದಾವಣಗೆರೆ ವಿದ್ಯಾನಗರದ ನಿವೃತ್ತ ಅಧ್ಯಾಪಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬಾರುಗಳಿಗೆ ಅಷ್ಟು ಪುಟ ಕೊಟ್ಟದ್ದು ಸರಿಯೇ ಎಂಬುದು ಅವರ ಮೊದಲ ಪ್ರಶ್ನೆ. ಸ್ಯಾನ್ ಹೋಸೆಯಲ್ಲಿರುವ ಅವರ ಮಗಳು ಆ ಲೇಖನವನ್ನು ಓದಿ, ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಾಗ ಅದೇ ಸುತ್ತಾಟಕ್ಕೆ ಕರೆದೊಯ್ಯುವುದಾಗಿ ಹಟ ಹಿಡಿದಿದ್ದಾಳಂತೆ. ಮದ್ಯ ಮುಟ್ಟದ, ಮಾಂಸ ತಿನ್ನದ ತಮಗೆ ಅಲ್ಲಿ ನೋಡಲು ಏನಿದೆ, ಹದಿನೈದು ವರ್ಷದ ಮೊಮ್ಮಗ ಜೊತೆಗೆ ಬರಬಹುದೇ ಎಂದೂ ಅವರು ಕೇಳಿದ್ದಾರೆ.

ಮಾನ್ಯರೇ,

ತಮ್ಮ ಆಕ್ಷೇಪವನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಗಿರಣಿಗಳಿದ್ದ ಊರು ನಮ್ಮದು. ಬಟವಾಡೆಯ ದಿನ ಗಂಡ ನೆಟ್ಟಗೆ ಮನೆಗೆ ಬರುತ್ತಾನೋ ಇಲ್ಲವೋ ಎಂದು ಬಾಗಿಲಲ್ಲಿ ಕಾದು ಕುಳಿತ ಹೆಂಗಸರ ಸಂಕಟ ಗೊತ್ತಿದ್ದವರಿಗೆ ಬಾರು ಎಂದ ಕೂಡಲೇ ಸಿಟ್ಟು ಬರುವುದು ಸಹಜ. ಆದರೂ ಆ ಲೇಖನವನ್ನು ನಾನು ಯೋಚಿಸಿಯೇ ಪ್ರಕಟಿಸಿದೆ. ಒಂದು ಊರಿಗೆ ಹೊಟ್ಟೆಪಾಡಿಗೆಂದು ಬಂದವರ, ಅಲ್ಲಿ ದುಡಿದು ನೆಲೆ ನಿಂತವರ ಚರಿತ್ರೆ ಅಲ್ಲಿನ ಹಳೆಯ ಹೋಟೆಲು, ಬಾರುಗಳಲ್ಲಿ ಉಳಿದಿರುವಷ್ಟು ಅರಮನೆ, ಸ್ಮಾರಕಗಳಲ್ಲಿ ಉಳಿದಿರುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ಚರಿತ್ರೆಯನ್ನು ನೋಡಲು ಗ್ಲಾಸು ಎತ್ತಬೇಕಾಗಿಲ್ಲ.

ತಮ್ಮಂಥವರ ಸಿಟ್ಟು ಅಮೆರಿಕಕ್ಕೂ ಹೊಸದಲ್ಲ. ಹೆಂಗಸರೇ ಮುಂದೆ ನಿಂತು ನಡೆಸಿದ ದೀರ್ಘ ಚಳವಳಿಯ ಫಲವಾಗಿ ಅಲ್ಲಿ 1920ರಿಂದ ದೇಶಕ್ಕೆ ದೇಶವೇ ಪಾನನಿಷೇಧಕ್ಕೆ ಒಳಪಟ್ಟಿತ್ತು. ಕಳ್ಳಸಾಗಣೆ ಬೆಳೆದು ಕಾನೂನು ನಿಲ್ಲಲಾರದೆ, 1933ರ ಡಿಸೆಂಬರ್ 5ರಂದು ನಿಷೇಧ ತೆರವಾಯಿತು. ಟಿಕಿ ಬಾರು ಹುಟ್ಟಿದ್ದು ಆ ಹೊತ್ತಿನಲ್ಲೇ. ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್‌ನಲ್ಲಿ ಸಣ್ಣದೊಂದು ಬಾರು ತೆರೆದು, ಬಿದಿರು, ಮೀನಿನ ಬಲೆ, ಹಡಗಿನ ಹಳೆಯ ಸಾಮಾನುಗಳಿಂದ ಅದನ್ನು ಪೆಸಿಫಿಕ್ ಸಾಗರದ ದ್ವೀಪವೊಂದರ ಗುಡಿಸಿಲಿನಂತೆ ಸಿಂಗರಿಸಿ, ‘ಡಾನ್ ದ ಬೀಚ್‌ಕೋಂಬರ್’ ಎಂದು ಹೆಸರಿಟ್ಟ. ಆಗ ಕೆರಿಬಿಯನ್ ರಮ್ ಅಗ್ಗವಾಗಿ ಸಿಗುತ್ತಿತ್ತು. ಎರಡು ಮೂರು ಬಗೆಯ ರಮ್‌ಗಳಿಗೆ ನಿಂಬೆರಸ, ಮಸಾಲೆ ಹಾಕಿದ ಸಕ್ಕರೆ ಪಾಕಗಳನ್ನು ಬೆರೆಸಿ ಅವನು ಹೊಸ ಪೇಯಗಳನ್ನು ಕಟ್ಟಿದ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳನ್ನು ಕಂಡು ಮರಳಿದ ಸೈನಿಕರಿಂದಲೂ, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದುದರಿಂದಲೂ ಈ ಗೀಳು ದೇಶದ ತುಂಬ ಹಬ್ಬಿತು. ಎಪ್ಪತ್ತರ ದಶಕದಲ್ಲಿ ಇಳಿದುಹೋಗಿ, ತೊಂಬತ್ತರ ದಶಕದಿಂದೀಚೆಗೆ ಮತ್ತೆ ಚಿಗುರಿದೆ.

ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಮಾಲೀಕರ ಹತ್ತಿರವಲ್ಲ, ಕೌಂಟರಿನ ಹಿಂದೆ ನಿಂತು ಬೆರೆಸುತ್ತಿದ್ದವರ ಹತ್ತಿರ. ಗ್ಯಾಂಟ್‌ನ ಬಾರಿನಲ್ಲಿ ದುಡಿದವರಲ್ಲಿ ಫಿಲಿಪೈನ್ಸ್‌ನಿಂದ ವಲಸೆ ಬಂದವರು ಬಹಳ ಮಂದಿ. ಎದುರು ಅಂಗಡಿಯವರಿಗೆ ಪಾಕದ ಗುಟ್ಟು ತಿಳಿಯದಿರಲೆಂದು ಅವನು ಬಾಟಲಿಗಳಿಗೆ ಹೆಸರಿನ ಬದಲು ಅಂಕಿ ಹಾಕಿಸಿದ್ದ. ‘ನಾಲ್ಕನೆಯ ಮಸಾಲೆ’ಯಲ್ಲಿ ಏನಿದೆಯೆಂದು ಅದನ್ನು ದಿನವಿಡೀ ಸುರಿಯುವವನಿಗೇ ತಿಳಿಯದಂಥ ಏರ್ಪಾಡು ಅದು. ಅಲ್ಲಿ ಕೆಲಸಕ್ಕಿದ್ದ ಡಿಕ್ ಸ್ಯಾಂಟಿಯಾಗೊ ಎಂಬವರು 1937ರಲ್ಲಿ ಕಿಸೆಯ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಅವರ ಮಗಳ ಬಳಿ ಉಳಿದಿದ್ದರಿಂದಲೇ, ದಶಕಗಳ ಅನಂತರ ಜೆಫ್ ಬೆರ್ರಿ ಎಂಬ ಸಂಶೋಧಕರಿಗೆ ಆ ಕಾಲದ ಪ್ರಸಿದ್ಧ ಪೇಯ ‘ಜಾಂಬಿ’ಯ ಮೂಲ ಅಳತೆಯನ್ನು ಬಿಡಿಸಲು ಸಾಧ್ಯವಾಯಿತು. ಅದೇ ಬಾರಿನಲ್ಲಿ ದುಡಿದ ರೇ ಬುಹೆನ್ ಎಂಬ ಫಿಲಿಪಿನೋ 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೌಂಟರಿಗೆ 12 ಸ್ಟೂಲುಗಳಷ್ಟೇ ಇರುವ ‘ಟಿಕಿ-ಟಿ’ಯನ್ನು ಸ್ವಂತಕ್ಕೆ ತೆರೆದರು. ಅದು ಈಗಲೂ ಅವರ ಮನೆತನದವರ ಕೈಯಲ್ಲೇ ಇದೆ. ಹೆಸರು ಮಾಲೀಕನದಾಯಿತು, ಕೈಚಳಕ ಇವರದು. ಇದನ್ನು ತಿಳಿದು ಹೋದವರ ಕಣ್ಣಿಗೆ ಆ ಬಿದಿರಿನ ಗೋಡೆಗಳು ಬೇರೆಯಾಗಿಯೇ ಕಾಣುತ್ತವೆ.

ನಮ್ಮ ಲೇಖನ ಹೇಳದೆ ಬಿಟ್ಟ ಇನ್ನೊಂದು ಸಂಗತಿಯೂ ಇದೆ. ಟಿಕಿ ಎಂಬುದು ಬರಿಯ ಅಲಂಕಾರದ ಗೊಂಬೆಯಲ್ಲ. ನ್ಯೂಜಿಲೆಂಡಿನ ಮಾವೊರಿ ಪರಂಪರೆಯಲ್ಲಿ ಟಿಕಿ ಮೊದಲ ಮನುಷ್ಯ. ಪಾಲಿನೇಷ್ಯದ ಹಲವು ದ್ವೀಪಗಳಲ್ಲಿ ಕಲ್ಲು, ಮರದಲ್ಲಿ ಕೆತ್ತುವ ಅಂಥ ಮೂರ್ತಿಗಳು ಪೂರ್ವಿಕರದ್ದು, ದೇವತೆಗಳದ್ದು. ಎಲ್ಲೋ ದೂರದೇಶದವರು ನಮ್ಮ ದುಗ್ಗಮ್ಮನ ಮುಖವನ್ನು ಪಿಂಗಾಣಿ ಮಗ್ಗಿನ ಮೇಲೆ ಅಚ್ಚೊತ್ತಿ ಅದರಲ್ಲಿ ರಮ್ ಹಂಚಿದರೆ ನಮಗೆ ಹೇಗಾದೀತೋ, ಆ ದ್ವೀಪಗಳ ಜನರಲ್ಲಿ ಅನೇಕರಿಗೆ ಹಾಗೆಯೇ ಆಗಿದೆ, ಅದನ್ನು ಅವರು ಬಹಿರಂಗವಾಗಿ ಹೇಳಿಯೂ ಇದ್ದಾರೆ. ಹಾಗೆಂದು ಆ ಬಾರುಗಳಿಗೆ ಕಾಲಿಡಬಾರದು ಎಂದು ನಾನು ಹೇಳುವುದಿಲ್ಲ. ಆ ಮಗ್ಗನ್ನು ನೆನಪಿನ ಕಾಣಿಕೆಯಾಗಿ ಕೊಂಡು ತರುವ ಮುನ್ನ ಮಾತ್ರ ಒಮ್ಮೆ ಯೋಚಿಸಿ.

ಇನ್ನು ತಮ್ಮ ಸುತ್ತಾಟದ ವಿಚಾರ. ಶನಿವಾರ ಮಧ್ಯಾಹ್ನ ಕ್ಯಾಲಿಫೋರ್ನಿಯಾ ಬೀದಿಯ ‘ಟ್ಯಾಡಿಚ್ ಗ್ರಿಲ್’ನಿಂದ ಶುರುಮಾಡಿ. ಚಿನ್ನದ ಬೇಟೆಯ ಕಾಲದಲ್ಲಿ, 1849ರಲ್ಲಿ, ಕ್ರೊಯೇಷಿಯಾದಿಂದ ಬಂದವರು ಬಂದರಿನ ಬಳಿ ಡೇರೆಯೊಂದರಲ್ಲಿ ಇಟ್ಟ ಕಾಫಿ ಅಂಗಡಿಯಿಂದ ಅದು ಬೆಳೆದಿದೆ. ಅಲ್ಲಿ ಮೀನಿನ ಅಡುಗೆಯೇ ಮುಖ್ಯವಾದ್ದರಿಂದ ತಮಗೆ ಹುಳಿ ಬ್ರೆಡ್ಡು, ಸಲಾಡುಗಳಷ್ಟೇ ಸಿಕ್ಕಾವು. ಉದ್ದನೆಯ ಕೌಂಟರನ್ನೂ, ಬಿಳಿ ಕೋಟು ತೊಟ್ಟ ಸರ್ವರ್‌ಗಳನ್ನೂ ನೋಡುವುದಕ್ಕಾದರೂ ಹೋಗಬೇಕು. ಹೊರಬಂದರೆ ಅದೇ ಬೀದಿಯಲ್ಲಿ ಕೇಬಲ್ ಕಾರು, ಅಂದರೆ ನೆಲದಡಿಯ ಉಕ್ಕಿನ ಹಗ್ಗ ಎಳೆದೊಯ್ಯುವ ಟ್ರಾಮು, ಸಿಗುತ್ತದೆ. ದಿಬ್ಬ ಹತ್ತಿದರೆ ಫೇರ್‌ಮಾಂಟ್ ಹೋಟೆಲು, ಅದರೊಳಗೆ ‘ಟೋಂಗಾ ರೂಮ್’. 1929ರಲ್ಲಿ ಕಟ್ಟಿದ ಈಜುಕೊಳವನ್ನು 1945ರಲ್ಲಿ ಸಿನಿಮಾ ಸೆಟ್ಟುಗಳ ವಿನ್ಯಾಸಕಾರರೊಬ್ಬರಿಂದ ಕೃತಕ ಸರೋವರವಾಗಿ ಮಾರ್ಪಡಿಸಿದ್ದಾರೆ. ಸಂಜೆ ನೀರಿನ ಮೇಲೆ ತೇಲುವ ಹುಲ್ಲಿನ ಚಾವಣಿಯ ತೆಪ್ಪದಲ್ಲಿ ವಾದ್ಯದವರು ನುಡಿಸುತ್ತಾರೆ, ನಡುನಡುವೆ ಗುಡುಗು ಕೇಳಿಸುತ್ತದೆ, ಕೊಳದ ಮೇಲಷ್ಟೇ ಮಳೆ ಸುರಿಯುತ್ತದೆ. ಕಾಯ್ದಿರಿಸಿಯೇ ಹೋಗಿ. ಅಲ್ಲಿ ‘ಮಾಯ್ ಟಾಯ್’ ಎಂಬ ಹೆಸರು ಕೇಳಿಸುತ್ತದೆ. ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿ ‘ಟ್ರೇಡರ್ ವಿಕ್ಸ್’ ಎಂಬ ಟಿಕಿ ಬಾರಿನ ಮಾಲೀಕ ವಿಕ್ಟರ್ ಬರ್ಜರಾನ್ 1944ರಲ್ಲಿ ಕಟ್ಟಿದ ಪೇಯ ಅದು. ಜಜ್ಜಿದ ಮಂಜುಗಡ್ಡೆಯ ಮೇಲೆ ಹಿಂಡಿದ ನಿಂಬೆಯ ಅರ್ಧ ಹೋಳನ್ನು ಬೋರಲು ಹಾಕಿ, ಪಕ್ಕದಲ್ಲಿ ಪುದೀನದ ಕುಡಿಯೊಂದನ್ನು ಸಿಕ್ಕಿಸಿದರೆ ಗ್ಲಾಸಿನೊಳಗೆ ಒಂದು ನಡುಗಡ್ಡೆ, ಅದರಲ್ಲೊಂದು ಮರ. ರಮ್ ಮತ್ತು ಕಿತ್ತಳೆಯ ಮದ್ಯ ಎರಡನ್ನೂ ಬಿಟ್ಟರೆ ಉಳಿಯುವುದು ನಿಂಬೆರಸ, ಸಕ್ಕರೆ, ಬಾದಾಮಿಯ ಪಾಕ. ಮದ್ಯವಿಲ್ಲದೆ ಮಾಡಿಕೊಡಿ ಎಂದು ನಿಸ್ಸಂಕೋಚವಾಗಿ ಕೇಳಿ, ಅಲ್ಲಿ ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಭಾನುವಾರ ಬೆಳಿಗ್ಗೆ ಪೊವೆಲ್–ಹೈಡ್ ಮಾರ್ಗದ ಕೇಬಲ್ ಕಾರಿನಲ್ಲಿ ಕೊನೆಯ ನಿಲ್ದಾಣಕ್ಕೆ ಹೋದರೆ ಎದುರಿಗೇ ‘ಬ್ಯುಯೆನಾ ವಿಸ್ಟಾ’. 1952ರಲ್ಲಿ ಐರಿಷ್ ಕಾಫಿಯನ್ನು, ಅಂದರೆ ವಿಸ್ಕಿ ಬೆರೆಸಿದ ಕಾಫಿಯನ್ನು, ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಜಾಗ. ಬಾರ್‌ಮನ್ ಗ್ಲಾಸುಗಳನ್ನು ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ, ಬಿಸಿನೀರಿನಿಂದ ಕಾಯಿಸಿ ಚೆಲ್ಲಿ, ಸಕ್ಕರೆ ಉಂಡೆ ಹಾಕಿ, ಇಡೀ ಸಾಲಿಗೆ ಕೈ ಎತ್ತದೆ ಕಾಫಿ ಸುರಿಯುವುದನ್ನು ಹತ್ತಿರದಿಂದ ನೋಡಿ. ತಾವು ಬರಿಯ ಕಾಫಿ ಕುಡಿದರಾಯಿತು.

ಆ ನಗರದವರು ಇದನ್ನೆಲ್ಲ ಸುಮ್ಮನೆ ಉಳಿಸಿಕೊಂಡಿಲ್ಲ. ಟೋಂಗಾ ರೂಮ್ ಮುಚ್ಚುವ ಸುದ್ದಿ 2009ರ ಸುಮಾರಿಗೆ ಹಬ್ಬಿದಾಗ ಜನ ಎದ್ದು ನಿಂತರು. 2015ರಲ್ಲಿ ಮತದಾರರೇ ಒಪ್ಪಿ ನಿಧಿಯೊಂದನ್ನು ಸ್ಥಾಪಿಸಿದರು. 30 ವರ್ಷ ದಾಟಿದ ಅಂಗಡಿ, ಹೋಟೆಲು, ಬಾರುಗಳನ್ನು ಪರಂಪರೆಯ ಪಟ್ಟಿಗೆ ಸೇರಿಸಿ, ಅವುಗಳಿಗೂ ಅವುಗಳಿಗೆ ದೀರ್ಘಕಾಲದ ಬಾಡಿಗೆಗೆ ಜಾಗ ಕೊಡುವ ಕಟ್ಟಡ ಮಾಲೀಕರಿಗೂ ಅದರಿಂದ ನೆರವು ಸಲ್ಲುತ್ತದೆ. ನಮ್ಮ ಬೆಣ್ಣೆ ದೋಸೆಯದೂ ವಲಸೆಯ ಕಥೆಯೇ: 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹುಯ್ಯತೊಡಗಿದರೆಂದೂ, ಮಕ್ಕಳ ಕಾಲದಲ್ಲಿ ರಾಗಿಯ ಜಾಗಕ್ಕೆ ಅಕ್ಕಿಯೂ ಮೇಲೆ ಬೆಣ್ಣೆಯೂ ಬಂದವೆಂದೂ ಊರಿನಲ್ಲಿ ಹೇಳುತ್ತಾರೆ. ಸೌದೆ ಒಲೆಯ ಹಳೆಯ ಹೋಟೆಲುಗಳಿಗೂ, ಮಂಡಕ್ಕಿ ಭಟ್ಟಿಗಳಿಗೂ ಅಂಥದೊಂದು ಪಟ್ಟಿ ನಮ್ಮ ಮಹಾನಗರ ಪಾಲಿಕೆಯಲ್ಲೂ ಆಗಲಿ ಎಂದು ಈ ಪತ್ರಿಕೆ ಒತ್ತಾಯಿಸುತ್ತದೆ. ತಾವು ಹಿಂದಿರುಗಿದ ಮೇಲೆ ಕಂಡದ್ದನ್ನು ಬರೆದು ಕಳುಹಿಸಿದರೆ ನಮ್ಮ ಒತ್ತಾಯಕ್ಕೆ ಬಲ ಬರುತ್ತದೆ.

ಮೊಮ್ಮಗನ ವಿಷಯ: ಕ್ಯಾಲಿಫೋರ್ನಿಯಾದಲ್ಲಿ ಮದ್ಯ ಕೊಳ್ಳಲು 21 ತುಂಬಿರಬೇಕು, ಊಟ ಬಡಿಸದ ಬಾರುಗಳಿಗೆ ಆ ವಯಸ್ಸಿನ ಒಳಗಿನವರಿಗೆ ಪ್ರವೇಶವೇ ಇಲ್ಲ. ಟ್ಯಾಡಿಚ್‌ಗೂ ಬ್ಯುಯೆನಾ ವಿಸ್ಟಾಗೂ ಅವನನ್ನು ಕರೆದೊಯ್ಯಬಹುದು. ಟೋಂಗಾ ರೂಮ್‌ಗೆ ಕಾಯ್ದಿರಿಸುವಾಗ ಅವನ ವಯಸ್ಸು ಹೇಳಿ ವಿಚಾರಿಸಲು ಮಗಳಿಗೆ ತಿಳಿಸಿ. ಹೊಗೆಯ ಚಿಂತೆ ಬೇಡ, 1998ರಿಂದ ಅಲ್ಲಿನ ಬಾರುಗಳೊಳಗೆ ಸಿಗರೇಟು ಸೇದುವಂತಿಲ್ಲ. ತಾವಿಬ್ಬರೂ ಪಾಸ್‌ಪೋರ್ಟು ಜೊತೆಗಿಟ್ಟುಕೊಳ್ಳಿ, ಬಿಲ್ಲಿನ ಮೇಲೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್ ಕೊಡುವುದು ಅಲ್ಲಿನ ರೂಢಿ ಎಂಬುದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

— ಸಂಪಾದಕ