ಅರ್ಲ್ ಕಿಮ್ ಅವರ ಸಂಗೀತ: ಎಲ್ಲಿಂದ ಆರಂಭಿಸಬೇಕು?

ಅಮೆರಿಕದ ಸಂಗೀತ ಸಂಯೋಜಕ ಅರ್ಲ್ ಕಿಮ್ ಅವರ ಕೃತಿಗಳಲ್ಲಿ ಸ್ವರಗಳು ಇಷ್ಟು ವಿರಳವೇಕೆ, ಯಾವುದನ್ನು ಮೊದಲು ಕೇಳಬೇಕು ಎಂದು ತಾವು ವಿಚಾರಿಸಿದ್ದೀರಿ. ಕೊರಿಯಾದಿಂದ ವಲಸೆ ಬಂದ ದಂಪತಿಗಳ ಮಗನಾಗಿ 1920ರಲ್ಲಿ ಕ್ಯಾಲಿಫೋರ್ನಿಯಾದ ಡಿನುಬಾದಲ್ಲಿ ಹುಟ್ಟಿದ ಅವರು ಆಸ್ಟ್ರಿಯಾ ಮೂಲದ ಸಂಯೋಜಕ ಷೋನ್‌ಬರ್ಗ್ ಅವರ ಶಿಷ್ಯರಾಗಿದ್ದರೂ, ಗುರುವಿನ ದಟ್ಟ ಹೆಣಿಗೆಯನ್ನು ಬಿಟ್ಟು, ಒಂದು ಸ್ವರದ ಸುತ್ತ ಸಾಕಷ್ಟು ಮೌನವನ್ನು ಉಳಿಸಿ ಮುಂದಿನ ಸ್ವರವನ್ನು ಇಡುವ ದಾರಿ ಹಿಡಿದರು. ಐರಿಷ್ ನಾಟಕಕಾರ, ಲೇಖಕ ಸ್ಯಾಮ್ಯುಯೆಲ್ ಬೆಕೆಟ್ ಅವರ ಮಿತವಾದ ಮಾತಿನೊಡನೆ ಅವರು ದೀರ್ಘಕಾಲ ಇಟ್ಟುಕೊಂಡಿದ್ದ ನಂಟೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ. ಸೊಪ್ರಾನೋ (ಅತಿ ಎತ್ತರದ ಸ್ತ್ರೀ) ಕಂಠಕ್ಕೆ ಬರೆದ ‘ಎಕ್ಸರ್‌ಸೈಸಸ್ ಆನ್ ರೂಟ್’ ಬೆಕೆಟ್ ಪಠ್ಯಗಳನ್ನೇ ಆಧರಿಸಿದೆ. ಕಿಮ್ ಅವರು ಪ್ರಿನ್ಸ್‌ಟನ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ದಶಕಗಳ ಕಾಲ ಪಾಠ ಹೇಳಿದರು. 1945ರಲ್ಲಿ ಪರಮಾಣು ಬಾಂಬ್ ಬಿದ್ದ ಸ್ವಲ್ಪದರಲ್ಲೇ ನಾಗಾಸಾಕಿಯ ಮೇಲೆ ವಿಮಾನದಲ್ಲಿ ಹಾರಿದ್ದ ಅವರು ಮುಂದೆ ಪರಮಾಣು ಅಸ್ತ್ರಗಳನ್ನು ವಿರೋಧಿಸುವ ಸಂಗೀತಗಾರರ ಸಂಘಟನೆಗಾಗಿ ಶ್ರದ್ಧೆಯಿಂದ ದುಡಿದರು. ಪ್ರಸಿದ್ಧ ಪಿಟೀಲುವಾದಕ ಇಟ್ಜಾಕ್ ಪರ್ಲ್‌ಮನ್ ಅವರಿಗಾಗಿ 1979ರಲ್ಲಿ ರಚಿಸಿದ ಪಿಟೀಲು ಕಾನ್ಚೆರ್ಟೋವನ್ನು (ವಾದ್ಯವೃಂದದೊಡನೆ ಒಬ್ಬ ಏಕವಾದಕ ನುಡಿಸುವ ಕೃತಿಯನ್ನು) ತಾವು ಮೊದಲು ಕೇಳಿರಿ. ಬಾಸ್ಟನ್ ಸಿಂಫನಿ ವಾದ್ಯವೃಂದದೊಡನೆ, ಸೈಜಿ ಒಜಾವಾ ಅವರ ನಿರ್ದೇಶನದಲ್ಲಿ, ಪರ್ಲ್‌ಮನ್ ಅವರೇ ನುಡಿಸಿದ ಧ್ವನಿಮುದ್ರಿಕೆ ಇದೆ.